ನಾಟಿ ಕಾಲದಲ್ಲಿ ಬೆರಳ ಸಂದಿ, ಹಿಮ್ಮಡಿ, ಆಣಿ: ಗೊತ್ತಿರುವವರು ಹೇಳಿ

ಕೇಳಿದವರು: ತೀರ್ಥಹಳ್ಳಿ ಕಡೆ ಗದ್ದೆ. ಅಮ್ಮನಿಗೆ 56, ಆರು ವರ್ಷದಿಂದ ಶುಗರ್ ಇದೆ. ಸಸಿ ಕೀಳೋದು, ನಾಟಿ ಅಂತ ಮೂರು ವಾರದಿಂದ ದಿನಾ ಆರೇಳು ಗಂಟೆ ಕೆಸರಲ್ಲೇ. ಕಿರುಬೆರಳ ಸಂದಿ ಬೆಳ್ಳಗೆ ನೆನೆದು ತುರಿಸುತ್ತೆ, ಹಿಮ್ಮಡಿ ಒಡೆದು ರಕ್ತ ಜಿನುಗುತ್ತೆ, ಬಲಗಾಲಿನ ಅಂಗಾಲಲ್ಲಿ ಆಣಿ. ಅಂಗಡಿಯವರು ಕೊಟ್ಟ ಒಂದು ಟ್ಯೂಬನ್ನೇ ಮೂರಕ್ಕೂ ಹಚ್ಚುತ್ತಿದ್ದೇವೆ. ಪಕ್ಕದ ಮನೆಯವರು ಗೇರೆಣ್ಣೆ ಹಚ್ಚಿ ಅಂತಾರೆ. ಏನು ಮಾಡೋದು?

ಚರ್ಮರೋಗ ವಿಭಾಗದ ನರ್ಸ್: ಮೂರಕ್ಕೂ ಒಂದೇ ಟ್ಯೂಬು ಅನ್ನುವಲ್ಲೇ ತಪ್ಪಾಗಿದೆ. ಬೆರಳ ಸಂದಿ ಒಣಗಬೇಕು, ಹಿಮ್ಮಡಿಗೆ ಪಸೆ ಬೇಕು. ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೆ ಕೆಟ್ಟದ್ದು.

ಮೊದಲು ಆ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಅಂತ ಇದ್ದರೆ ಅದು ಸ್ಟಿರಾಯ್ಡ್. ಹಚ್ಚಿದ ಎರಡನೇ ದಿನಕ್ಕೇ ತುರಿಕೆ ನಿಲ್ಲುತ್ತೆ, ಆದರೆ ಒಳಗೆ ಫಂಗಸ್ ಹರಡುತ್ತಲೇ ಇರುತ್ತೆ, ಬಿಟ್ಟ ಕೂಡಲೇ ಇಮ್ಮಡಿಯಾಗಿ ಬರುತ್ತೆ. ಅಂಥದ್ದಾದರೆ ಇವತ್ತೇ ನಿಲ್ಲಿಸಿ.

ಸಂದಿಗೆ ಹೀಗೆ ಮಾಡಿ. ಗದ್ದೆಯಿಂದ ಬಂದ ಕೂಡಲೇ ಸಾದಾ ನೀರು, ಸೋಪಿನಲ್ಲಿ ತೊಳೆದು, ಹಳೇ ಹತ್ತಿ ಪಂಚೆಯ ತುಂಡಿನಿಂದ ಒಂದೊಂದೇ ಸಂದಿ ಬಿಡಿಸಿ ಒತ್ತಿ ಒರೆಸಿ. ಉಜ್ಜಿದರೆ ನೆನೆದ ಬಿಳಿ ಚರ್ಮ ಕಿತ್ತು ಬಂದು ಗಾಯವಾಗುತ್ತೆ. ಹತ್ತು ನಿಮಿಷ ಗಾಳಿಗೆ ಬಿಟ್ಟು ಕ್ಲೋಟ್ರಿಮಜೋಲ್ 1% ಕ್ರೀಮನ್ನು ತೆಳ್ಳಗೆ ಹಚ್ಚಿ. ಕಾಣುವ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆವರೆಗೂ ಬರಲಿ. ದಿನಕ್ಕೆ ಎರಡು ಸಲ, ನಾಲ್ಕು ವಾರ. ತುರಿಕೆ ವಾರದಲ್ಲೇ ನಿಲ್ಲಬಹುದು. ಅಲ್ಲಿಗೆ ಬಿಟ್ಟವರಿಗೆಲ್ಲ ಮತ್ತೆ ಬರುತ್ತೆ. ರಾತ್ರಿ ಸಂದಿಯಲ್ಲಿ ಹತ್ತಿಯ ಸಣ್ಣ ಎಳೆ ಇಟ್ಟರೆ ಬೆರಳು ಒಂದಕ್ಕೊಂದು ಅಂಟಲ್ಲ. ಕೆಟ್ಟ ವಾಸನೆ, ಹಸಿರು-ಹಳದಿ ಕೀವು, ಪಾದದ ಮೇಲೆ ಕೆಂಪು ಏರುವುದು ಕಂಡರೆ ಬರೀ ಫಂಗಸ್ ಅಲ್ಲ, ಬ್ಯಾಕ್ಟೀರಿಯಾವೂ ಸೇರಿದೆ. ಆಗ ಕ್ರೀಮು ಸಾಲದು, ಡಾಕ್ಟರ್ ನೋಡಬೇಕು.

ಗೇರೆಣ್ಣೆ ದಯವಿಟ್ಟು ಬೇಡ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತೆ. ಒಡಕು ಕರಟಿ ಕಪ್ಪಾಗಿ ಮುಚ್ಚಿದ ಹಾಗೆ ಕಾಣುತ್ತೆ, ಅಡಿಯಲ್ಲಿ ಹುಣ್ಣು ಇರುತ್ತೆ. ಶುಗರ್ ಇರುವ ಕಾಲಿಗೆ ಆ ಉರಿ ಗೊತ್ತೇ ಆಗದಿರಬಹುದು.

ಇನ್ನೊಬ್ಬರು, ಶುಗರ್ ಇರುವವರ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವವರು: ಮೇಲಿನದಕ್ಕೆ ಪೂರ್ತಿ ಸಹಮತ. ಕ್ರೀಮು ತರುವ ಮುಂಚೆ ಒಂದು ಪರೀಕ್ಷೆ ಮನೆಯಲ್ಲೇ ಮಾಡಿ. ಅಮ್ಮ ಕಣ್ಣು ಮುಚ್ಚಿ ಮಲಗಲಿ. ನಿಮ್ಮ ತೋರುಬೆರಳಿನ ತುದಿಯಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒಂದೆರಡು ಸೆಕೆಂಡ್ ಹಗುರಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಎರಡೂ ಕಾಲು ಸೇರಿ ಆರು ಜಾಗ. ಮುಟ್ಟಿದಾಗೆಲ್ಲ "ಬಲ", "ಎಡ" ಅಂತ ಹೇಳಲಿ. ಎರಡೋ ಹೆಚ್ಚೋ ಜಾಗದಲ್ಲಿ ಗೊತ್ತಾಗದಿದ್ದರೆ ಸ್ಪರ್ಶ ಕಮ್ಮಿಯಾಗಿದೆ ಅಂತ ಅರ್ಥ. ಅಲ್ಲಿಂದ ಮುಂದೆ "ನೋವಿಲ್ಲ, ಪರವಾಗಿಲ್ಲ" ಅನ್ನುವ ಮಾತಿಗೆ ಬೆಲೆ ಇಲ್ಲ. ದಿನಾ ರಾತ್ರಿ ಅಂಗಾಲನ್ನು ಕಣ್ಣಲ್ಲೇ ನೋಡಬೇಕು. ಅವರಿಗೆ ಬಗ್ಗಲು ಆಗದಿದ್ದರೆ ನೀವು ನೋಡಿ.

ರಕ್ತ ಬರುವ ಒಡಕು ಮುಚ್ಚುವವರೆಗೆ ಅವರನ್ನು ಕೆಸರಿಗೆ ಇಳಿಸಬೇಡಿ. ನಾಟಿ ಹೊತ್ತಲ್ಲಿ ಇದು ಕಷ್ಟದ ಮಾತು ಅಂತ ಗೊತ್ತು. ಆದರೆ ಗದ್ದೆ ನೀರಿಗೆ ಇಲಿಯ ಮೂತ್ರ ಸೇರಿರುತ್ತೆ, ಇಲಿ ಜ್ವರ ಒಳಗೆ ಹೋಗುವುದು ಇಂಥ ಬಿರುಕಿನಿಂದಲೇ. ಈಗಾಗಲೇ ಮೂರು ವಾರ ಇಳಿದಿದ್ದಾರಲ್ಲ, ಮುಂದಿನ ಕೆಲವು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ "ಕೆಸರಿಗೆ ಇಳಿದಿದ್ದರು" ಅಂತ ಡಾಕ್ಟರಿಗೆ ಮೊದಲೇ ಹೇಳಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತಲೂ ಕೇಳಿಕೊಳ್ಳಿ.

ಹಿಮ್ಮಡಿಗೆ: ಬಿರುಕು ತೆರೆದಿರುವಾಗ ಯೂರಿಯಾ ಕ್ರೀಮ್ ಹಚ್ಚಿದರೆ ಉರಿಯುತ್ತೆ. ಮೊದಲು ರಾತ್ರಿ ಹೊತ್ತು ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನು ಬಿರುಕಿನೊಳಗೆ ಇಳಿಯುವ ಹಾಗೆ ತುಂಬಿ, ಹತ್ತಿ ಕಾಲುಚೀಲ ಹಾಕಿ ಮಲಗಲಿ. ಬಾಯಿ ಕೂಡಿದ ಮೇಲೆ ಯೂರಿಯಾ 10%, ಅಂಚು ಬಹಳ ದಪ್ಪವಿದ್ದರೆ 20-25%. ಕಾಲು ತೊಳೆದು ಒರೆಸಿದ ಕೂಡಲೇ, ಚರ್ಮದಲ್ಲಿ ಪಸೆ ಇರುವಾಗಲೇ ಹಚ್ಚಬೇಕು. ಕ್ರೀಮು ಸಂದಿಗೆ ತಾಗದಿರಲಿ. ಬ್ಲೇಡಿನಲ್ಲಿ ಕೆರೆಯುವುದು, ಬಿಸಿನೀರಲ್ಲಿ ಅರ್ಧ ಗಂಟೆ ಕಾಲಿಟ್ಟು ಕೂರುವುದು ಎರಡೂ ಬೇಡ. ನೀರಿನ ಬಿಸಿಯನ್ನು ಅಮ್ಮನ ಕಾಲಲ್ಲ, ನಿಮ್ಮ ಮೊಣಕೈ ಹೇಳಲಿ.

ಕೇಳಿದವರು: ಮನೇಲಿ ಮುರುಗಲ ತುಪ್ಪ ಇದೆ. ಜೆಲ್ಲಿ ಬದಲು ಅದು ಆಗುತ್ತಾ?

ನರ್ಸ್: ಹಿಮ್ಮಡಿಗೆ ಆಗುತ್ತೆ, ಒಳ್ಳೆಯದೇ. ಗಟ್ಟಿ ಇರುವುದರಿಂದ ಕಾಯಿಸಿ ಬಿಸಿಬಿಸಿ ಹನಿಯನ್ನೇ ಬಿರುಕಿಗೆ ಬಿಡುವ ರೂಢಿ ಇದೆಯಲ್ಲ, ಅದು ಮಾತ್ರ ಬೇಡ. ಕಡಲೆಕಾಳಿನಷ್ಟು ಚೂರನ್ನು ಚಮಚದಲ್ಲಿ ಕರಗಿಸಿ, ನಾಲ್ಕೈದು ಹನಿ ಕೊಬ್ಬರಿ ಎಣ್ಣೆ ಸೇರಿಸಿ, ಆರಿ ಮೆತ್ತಗಾದ ಮೇಲೆ ಹಚ್ಚಿ.

ಚಪ್ಪಲಿ ತಯಾರಿಸುವವರು: ಆಣಿ ಬಗ್ಗೆ ಯಾರೂ ಬರೆದಿಲ್ಲ. ಆಣಿ ಅಂದರೆ ಒತ್ತಡದ ಗುರುತು. ಕತ್ತರಿಸಿದರೂ ಒತ್ತಡ ಅಲ್ಲೇ ಇದ್ದರೆ ಮತ್ತೆ ಬರುತ್ತೆ. ಆಣಿಯೋ ನರುಲಿಯೋ ನೋಡಿಕೊಳ್ಳಿ: ನೇರ ಮೇಲಿಂದ ಒತ್ತಿದರೆ ನೋವು ಅಂದರೆ ಸಾಮಾನ್ಯವಾಗಿ ಆಣಿ; ಎರಡು ಪಕ್ಕದಿಂದ ಹಿಂಡಿದಾಗ ಹೆಚ್ಚು ನೋವು, ನಡುವೆ ಕಪ್ಪು ಚುಕ್ಕಿ ಅಂದರೆ ನರುಲಿ. ಮೆಡಿಕಲ್ ಶಾಪಿನ ಆಣಿ ಪಟ್ಟಿಯಲ್ಲಿ ಸ್ಯಾಲಿಸಿಲಿಕ್ ಆಸಿಡ್ ಇರುತ್ತೆ, ಅದು ಒಳ್ಳೆ ಚರ್ಮವನ್ನೂ ತಿನ್ನುತ್ತೆ. ಶುಗರ್ ಇರುವವರಿಗೆ ಅಂಟಿಸಲೇಬಾರದು. ಆಣಿ ತೆಗೆಸುವುದಿದ್ದರೆ ಆಸ್ಪತ್ರೆಯಲ್ಲೇ.

ಅವರಿಗೆ ಬೇಕಾದ್ದು ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ. ಒಳಗೆ 10-12 ಮಿಲಿಮೀಟರ್ ಮೆತ್ತನೆ ರಬ್ಬರ್, ಅಡಿಗೆ ಗಟ್ಟಿ ರಬ್ಬರ್, ಹಿಮ್ಮಡಿಗೆ ಹಿಂದಿನ ಪಟ್ಟಿ, ಎಲ್ಲೂ ಮೊಳೆ ಇಲ್ಲದೆ ಅಂಟು, ಹೊಲಿಗೆ ಮಾತ್ರ. ಹೆಬ್ಬೆರಳ ಸಂದಿಗೆ ಬರುವ ಉಂಗುಷ್ಟವೂ ಬೇಡ. ಆಣಿ ಎಲ್ಲಿ ಕೂರುತ್ತೆ ಅಂತ ತಿಳಿಯಲು ಅದರ ಮೇಲೆ ಲಿಪ್‌ಸ್ಟಿಕ್ ಸವರಿ ಚಪ್ಪಲಿ ಮೇಲೆ ನಿಲ್ಲಿಸಿ. ಗುರುತು ಬಿದ್ದ ಜಾಗದಲ್ಲಿ 3-4 ಮಿಲಿಮೀಟರ್ ಮಾತ್ರ ತಗ್ಗು ಕೆರೆಯಬೇಕು. ಆರಪಾರ ತೂತು ಮಾಡಿದರೆ ಅದರ ಅಂಚೇ ಕಾಲಿಗೆ ಒತ್ತಿ ಹೊಸ ಗಾಯ ಮಾಡುತ್ತೆ. ಅಳತೆ ಸಂಜೆ ಕೊಡಿ, ಆಗ ಪಾದ ಸ್ವಲ್ಪ ಊದಿರುತ್ತೆ. ಹೊಸದನ್ನು ಮೊದಲ ದಿನ ಒಂದು ಗಂಟೆ ಹಾಕಿ, ಬಿಚ್ಚಿ, ಎಲ್ಲಾದರೂ ಕೆಂಪಾಗಿದೆಯಾ ನೋಡಿ. ಮನೆಯೊಳಗೆ ಟೈಲ್ಸ್ ಮೇಲೂ ಹಾಕಿಕೊಂಡೇ ಓಡಾಡಲಿ.

ಡ್ರೆಸ್ಸಿಂಗ್ ಮಾಡುವವರು: ಒಂದು ಬಿಟ್ಟುಹೋಗಿತ್ತು. ಕಾಲೊರೆಸುವ ಬಟ್ಟೆ ಅಮ್ಮನಿಗೆ ಬೇರೆ ಇಡಿ, ಬಾಗಿಲ ಬಳಿಯ ಗೋಣಿತಾಟಿಗೆ ಕಾಲು ಒರೆಸುವುದು ನಿಲ್ಲಲಿ. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ, ಫಂಗಸ್ ಮನೆಯವರಿಗೆಲ್ಲ ದಾಟುವುದು ಅಲ್ಲಿಂದಲೇ. ಒಗೆದ ಬಟ್ಟೆಯನ್ನು ಬಚ್ಚಲೊಲೆಯ ಹತ್ತಿರ ಪೂರ್ತಿ ಒಣಗಿಸಿ ಕೊಡಿ.