ಕೀನ್ಯಾದ ಮರಲಾಲ್‌ಗೆ ಅತ್ತೆ, ಮಗಳ ಜೊತೆ ಹೊರಟಿದ್ದೇವೆ, ಹೋಗಿ ಬಂದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ನೈರೋಬಿಗೆ ಬಂದು ಒಂದು ವರ್ಷ ಆಯಿತು. ನಮ್ಮ ಯಜಮಾನರ ಜೊತೆ ಕೆಲಸ ಮಾಡುವವರೊಬ್ಬರು ಸಂಬುರು ಜನಾಂಗದವರು. ಅವರ ಊರು ಉತ್ತರದ ಮರಲಾಲ್ ಹತ್ತಿರ. ಡಿಸೆಂಬರ್ ರಜೆಗೆ ನಾಲ್ಕು ದಿನ ಬನ್ನಿ ಅಂತ ತುಂಬಾ ಪ್ರೀತಿಯಿಂದ ಕರೆದಿದ್ದಾರೆ. ಅವರ ತಾಯಿ ಪೇಟೆಯಿಂದ ಆಚೆ, ದನಗಳ ಜೊತೆ ಹಟ್ಟಿಯಲ್ಲೇ ಇದ್ದಾರಂತೆ. ಅಲ್ಲಿಗೂ ಕರೆದುಕೊಂಡು ಹೋಗುತ್ತಾರೆ. ಆಗ ನಮ್ಮ ಅತ್ತೆ ಊರಿಂದ ಬಂದಿರುತ್ತಾರೆ. ಅವರಿಗೆ 66, ಶುದ್ಧ ಸಸ್ಯಾಹಾರಿ. ಮಗಳಿಗೆ 9 ವರ್ಷ. ದಾರಿ ಹೇಗಿದೆ? ಊಟಕ್ಕೆ ಏನು ಮಾಡುವುದು? ಭಯ ಏನಾದರೂ ಇದೆಯಾ? ಏನು ತೆಗೆದುಕೊಂಡು ಹೋಗಬೇಕು?

ಉತ್ತರ: ಸೋಲಾರ್ ಪಂಪ್ ಕೆಲಸದವರಿಂದ

ಖಂಡಿತ ಹೋಗಿ ತಂಗಿ. ಬೋರ್‌ವೆಲ್ ಕೆಲಸಕ್ಕೆ ಅಂತ ನಾನು ಮೂರು ಸಲ ಹೋಗಿ ಇದ್ದು ಬಂದಿದ್ದೇನೆ. ಮೊದಲ ಸಲ ಮಾಡಿದ ತಪ್ಪುಗಳನ್ನು ನೀವು ಮಾಡದಿರಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೈರೋಬಿಯಿಂದ ಸುಮಾರು 350 ಕಿ.ಮೀ. ಬೆಳಗ್ಗೆ ಬೇಗ ಬಿಡಿ. ಅರ್ಧ ದಾರಿಯಲ್ಲಿ ನ್ಯಾಹುರುರು ಸಿಗುತ್ತದೆ. ಅಲ್ಲಿ 74 ಮೀಟರ್ ಎತ್ತರದ ಥಾಮ್ಸನ್ ಜಲಪಾತ ಇದೆ. ಊರ ಹತ್ತಿರವೇ ಭೂಮಧ್ಯ ರೇಖೆ ಹಾದು ಹೋಗುತ್ತದೆ. ಮಗಳಿಗೆ ಎರಡನ್ನೂ ತೋರಿಸಿ. ಪೆಟ್ರೋಲ್ ಟ್ಯಾಂಕ್ ಅಲ್ಲೇ ತುಂಬಿಸಿಬಿಡಿ. ರುಮುರುಟಿ ದಾಟಿದ ಮೇಲೆ ಹಸಿರು ಕಡಿಮೆಯಾಗುತ್ತಾ ಬರುತ್ತದೆ. ಬೇಲಿಗಳು ಮುಗಿಯುತ್ತವೆ, ದನ, ಮೇಕೆ, ಒಂಟೆ ರಸ್ತೆಗೇ ಬರುತ್ತವೆ. ಹಾರ್ನ್ ಹೊಡೆದು ಓಡಿಸಬೇಡಿ, ನಿಲ್ಲಿಸಿ. ಕಾಯುವ ಹುಡುಗ ಕೈ ಎತ್ತುತ್ತಾನೆ, ನೀವೂ ಎತ್ತಿ. ಕತ್ತಲಾದ ಮೇಲೆ ಮಾತ್ರ ಈ ದಾರಿಯಲ್ಲಿ ಇರಬೇಡಿ.

ಗಂಟೆಯ ವಿಷಯ ಮರೆಯಬೇಡಿ. ಸ್ವಾಹಿಲಿಯಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ. ನಮ್ಮ ಹಳೆಯ ಘಳಿಗೆ ಲೆಕ್ಕದ ಹಾಗೇ. ಬೆಳಗ್ಗೆ ಏಳು ಅಂದರೆ ಅವರಿಗೆ 'ಸಾ ಮೋಜಾ', ಅಂದರೆ ಒಂದು ಗಂಟೆ. 'ಸಾ ಮ್ಬಿಲಿ', ಅಂದರೆ ಎರಡು ಗಂಟೆ, ನಮಗೆ ಬೆಳಗ್ಗೆ ಎಂಟು. ಮೊದಲ ಸಲ ಒಬ್ಬ ಹಿರಿಯರು ನನಗೆ ಎರಡು ಗಂಟೆಗೆ ಬನ್ನಿ ಅಂದರು. ನಾನು ಮಧ್ಯಾಹ್ನ ಊಟ ಮುಗಿಸಿ ಎರಡಕ್ಕೆ ಹೋದೆ. ಅವರು ಬೆಳಗ್ಗೆ ಎಂಟರಿಂದ ಮರದ ಕೆಳಗೆ ಕೂತಿದ್ದರು. ಒಂದು ಮಾತೂ ಬೈಯಲಿಲ್ಲ, ಚಹಾ ತರಿಸಿದರು. ಇವತ್ತಿಗೂ ನೆನೆಸಿಕೊಂಡರೆ ಸಂಕಟವಾಗುತ್ತದೆ. ಯಾರು ಗಂಟೆ ಹೇಳಿದರೂ 'ಬೆಳಗ್ಗೆಯಾ, ಯಾವ ಲೆಕ್ಕ?' ಅಂತ ಕೇಳಿಕೊಳ್ಳಿ.

ಎರಡನೆಯದು, ಮಾತು ಶುರು ಮಾಡುವ ರೀತಿ. ನಾನು ಇಳಿದ ತಕ್ಷಣ 'ಬೋರ್‌ವೆಲ್ ಎಲ್ಲಿ?' ಅಂತ ಕೇಳಿದ್ದೆ. ಹಾಗೆ ಮಾಡಬಾರದು. ಮೊದಲು 'ಸುಪಾ' ಅನ್ನಿ, ಅದು ಅವರ ಮಾ ಭಾಷೆಯ ನಮಸ್ಕಾರ. ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ಮಳೆ ಬಂತಾ, ಹುಲ್ಲು ಇದೆಯಾ, ದನ ಚೆನ್ನಾಗಿವೆಯಾ, ಇಷ್ಟೂ ಆಗಬೇಕು. ಮಳೆಯ ಮಾತು ಅಲ್ಲಿ ಸುಮ್ನೆ ಆಡುವ ಮಾತಲ್ಲ. 2020ರ ಕೊನೆಯಿಂದ ಸತತ ಐದು ಮಳೆಗಾಲ ಕೈಕೊಟ್ಟಿತ್ತು. ಲಕ್ಷಗಟ್ಟಲೆ ಜಾನುವಾರು ಸತ್ತವು. ನಾನು ಹೋದ ಒಂದು ಹಟ್ಟಿಯಲ್ಲಿ ಕೊಟ್ಟಿಗೆಯ ಬೇಲಿ ದೊಡ್ಡದಾಗಿತ್ತು, ಒಳಗೆ ದನ ಬೆರಳೆಣಿಕೆಯಷ್ಟು. ಬರಕ್ಕೆ ಹಸುಗಿಂತ ಒಂಟೆ ತಡೆಯುತ್ತದೆ ಅಂತ ಈಗ ಎಷ್ಟೋ ಸಂಬುರು ಮನೆಗಳವರು ಒಂಟೆ ಸಾಕುತ್ತಿದ್ದಾರೆ.

ಆದರೆ 'ಎಷ್ಟು ದನ ಇವೆ?' ಅಂತ ಲೆಕ್ಕ ಕೇಳಬೇಡಿ. ನಮ್ಮಲ್ಲಿ ಹಾಲು ಕೊಡುವ ಎಮ್ಮೆಗೆ ದೃಷ್ಟಿ ತಾಗುತ್ತದೆ ಅಂತಾರಲ್ವಾ, ಹಾಗೆ. 'ದನ ಚೆನ್ನಾಗಿವೆಯಾ?' ಅಂದರೆ ಸಾಕು, ಅವರ ಮುಖ ಅರಳುತ್ತದೆ.

ಉತ್ತರ: ನಕುರುವಿನಲ್ಲಿ ಐದು ವರ್ಷ ಇದ್ದವರಿಂದ

ಅತ್ತೆಯ ಊಟದ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ನಮ್ಮ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಯಜಮಾನರ ಗೆಳೆಯರಿಗೆ ಇವತ್ತೇ ಹೇಳಿಬಿಡಿ: ಅಮ್ಮ ಮಾಂಸ ತಿನ್ನುವುದಿಲ್ಲ, ನಮಗಾಗಿ ಮೇಕೆ ಕಡಿಯಬೇಡಿ ಅಂತ. ದೂರದಿಂದ ನೆಂಟರು ಬಂದರೆ ಮೇಕೆ ಕಡಿಯುವುದು ಅಲ್ಲಿ ದೊಡ್ಡ ಮರ್ಯಾದೆ. ನಾನು ಮುಂಚೆ ಹೇಳಿರಲಿಲ್ಲ. ನಾವು ಹೋಗುವಷ್ಟರಲ್ಲಿ ಮೇಕೆ ಕಡಿದಾಗಿತ್ತು. ಅಮ್ಮ ಕಣ್ಣೀರು ಹಾಕಿದರು, ಮನೆಯವರು ಎಲ್ಲಿ ತಪ್ಪಾಯಿತು ಅಂತ ತಿಳಿಯದೆ ಒದ್ದಾಡಿದರು. ಎರಡೂ ಕಡೆ ನೋವು. ಮುಂಚೆ ಗೊತ್ತಾದರೆ ಅವರೇ ದಾರಿ ಹುಡುಕುತ್ತಾರೆ. 'ನಮ್ಮ ಮನೆತನದ ಪದ್ಧತಿ' ಅನ್ನಿ. ಪದ್ಧತಿ ಅಂದರೆ ಅವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಪೇಟೆಯ ಹೋಟೆಲುಗಳಲ್ಲಿ ತೊಂದರೆ ಇಲ್ಲ. ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಹೆಸರು. ಹೆಸರುಕಾಳಿನ ಸಾರು 'ನ್ಡೆಂಗು', ಚಪಾತಿಗೆ ಚೆನ್ನಾಗಿ ಹೊಂದುತ್ತದೆ. ಮೆಕ್ಕೆಜೋಳದ ಕಾಳು, ಬೀನ್ಸ್ ಕಾಳು ಸೇರಿಸಿ ಬೇಯಿಸಿದ್ದು 'ಗಿಥೇರಿ'. ಸೊಪ್ಪಿನ ಪಲ್ಯ 'ಸುಕುಮಾ ವಿಕಿ'. 'ಬಿಲಾ ನ್ಯಾಮಾ' ಅಂದರೆ ಮಾಂಸ ಇಲ್ಲದೆ. ಅದೊಂದು ಮಾತು ಅತ್ತೆಗೂ ಕಲಿಸಿ. ಸೊಪ್ಪನ್ನು ಮಾಂಸದ ಪಾತ್ರೆಯಲ್ಲೇ ಹುರಿದಿರಬಹುದು, ಕೇಳಿ ತಿಳಿದುಕೊಳ್ಳಿ.

ಉಗಾಲಿ ನೋಡಿದರೆ ಮುದ್ದೆಯ ಹಾಗಿರುತ್ತದೆ, ಆದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನದು. ನುಂಗುವುದಿಲ್ಲ, ಅಗಿದು ತಿನ್ನುತ್ತಾರೆ. ಅತ್ತೆಗೆ ಖುಷಿ ಕೊಡುವ ಸಂಗತಿ ಇನ್ನೊಂದಿದೆ. ರಾಗಿಯ ತವರು ಪೂರ್ವ ಆಫ್ರಿಕಾವೇ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆ ಬಂದದ್ದು. ಅಲ್ಲಿ ಅದರ ಹೆಸರು 'ವಿಂಬಿ', ಅಂಗಡಿಯಲ್ಲಿ ಹಿಟ್ಟು ಸಿಗುತ್ತದೆ. ಗಂಜಿಗೆ 'ಉಜಿ' ಅಂತಾರೆ. ನಮ್ಮ ಅಮ್ಮ ಒಂದು ಬೆಳಗ್ಗೆ ಆ ಮನೆಯ ಒಲೆಯ ಮುಂದೆ ಕೂತು ವಿಂಬಿ ಹಿಟ್ಟಿನಲ್ಲಿ ಮುದ್ದೆ ತೊಳಸಿದರು. ಮನೆಯ ಹೆಂಗಸರೆಲ್ಲ ಸುತ್ತ ನಿಂತು ನೋಡಿದರು. ಹಿಂದಿನ ದಿನದ ಮೇಕೆಯ ಬೇಸರ ಅಲ್ಲಿಗೆ ಕರಗಿತು.

ಮೊಸರಿಗೆ ಅಂಗಡಿಯಲ್ಲಿ 'ಮಾಲಾ' ಅಂತ ಪ್ಯಾಕೆಟ್ ಕೇಳಿ. ಹಟ್ಟಿಯಲ್ಲಿ ಸೋರೆ ಬುರುಡೆಯಲ್ಲಿಟ್ಟ ಹಾಲು ಕೊಡುತ್ತಾರೆ. ಬುರುಡೆಯನ್ನು ಉರಿಯುವ ಕಟ್ಟಿಗೆಯ ಕೊಳ್ಳಿಯಿಂದ ಉಜ್ಜಿ ಶುಚಿ ಮಾಡುವುದರಿಂದ ಹಾಲಿಗೆ ಹೊಗೆಯ ವಾಸನೆ ಇರುತ್ತದೆ. ನನಗಂತೂ ಆ ವಾಸನೆ ತುಂಬಾ ಇಷ್ಟವಾಯಿತು. ಆದರೆ ಕಾಯಿಸದ ಹಾಲಿನಿಂದ ಬ್ರುಸೆಲ್ಲೋಸಿಸ್ ಜ್ವರ ಬರುವ ಅಪಾಯ ಇದೆ. ಮಗುವಿಗೂ ಹಿರಿಯರಿಗೂ ಅದು ಬೇಡ. 'ಚಹಾ ಮಾಡಿಕೊಡಿ, ಅದರಲ್ಲಿ ಈ ಹಾಲು ಹಾಕಿ' ಅಂತ ಕೇಳಿ. ಅವರ ಚಹಾ ನಮ್ಮದರ ಹಾಗೇ, ಹಾಲು ಸಕ್ಕರೆ ಜಾಸ್ತಿ ಹಾಕಿ ಕುದಿಸಿದ್ದು. ಬೇಡ ಅನ್ನಬೇಡಿ, ಎರಡು ಗುಟುಕಾದರೂ ಕುಡಿಯಿರಿ.

ಉತ್ತರ: ಮೇಲಿನದಕ್ಕೆ ಸೇರಿಸುತ್ತಾ

ಫೋಟೋ! ಕೆಂಪು ಬಟ್ಟೆ, ಮಣಿಹಾರ ಹಾಕಿದ ಮೊರಾನ್ ಹುಡುಗರನ್ನು (ಸಂಬುರು ಯುವ ಯೋಧರು) ಕಂಡ ಕೂಡಲೇ ಕಾರಿನ ಕಿಟಕಿಯಿಂದ ಮೊಬೈಲ್ ಎತ್ತಬೇಡಿ. ನಮ್ಮ ಮನೆಯ ಹೆಣ್ಣುಮಕ್ಕಳನ್ನು ಯಾರೋ ದಾರಿಹೋಕರು ಹಾಗೆ ತೆಗೆದರೆ ನಮಗೆ ಹೇಗಾಗುತ್ತದೆ? ಮೊದಲ ದಿನ ಫೋನ್ ಚೀಲದಲ್ಲೇ ಇರಲಿ. ಮೂರನೇ ದಿನ ಅವರೇ 'ಬಾ, ಒಂದು ತೆಗಿ' ಅಂತಾರೆ. ತೆಗೆದದ್ದನ್ನು ಪ್ರಿಂಟ್ ಹಾಕಿಸಿ ಆ ಗೆಳೆಯರ ಕೈಲಿ ಕಳಿಸಿಕೊಡಿ.

ಉತ್ತರ: ನೈರೋಬಿಯ ನರ್ಸ್ ಒಬ್ಬರಿಂದ

ಭಯದ ಬಗ್ಗೆ ಕೇಳಿದಿರಿ, ಮುಚ್ಚಿಡದೆ ಹೇಳುತ್ತೇನೆ. ಮರಲಾಲ್ ಸಂಬುರು ಕೌಂಟಿಯ ಕೇಂದ್ರ, ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಬ್ಯಾಂಕು, ಪೊಲೀಸ್, ದೊಡ್ಡ ಸರ್ಕಾರಿ ಆಸ್ಪತ್ರೆ ಇವೆ. ಉತ್ತರಕ್ಕೆ ಬರಗೋಯಿ ಕಡೆಯ ದಾರಿ ಬೇರೆ ಮಾತು. ಅಲ್ಲಿ ದನ ಕದಿಯುವ ಗುಂಪುಗಳ ಕಾಟ ಹಳೆಯದು. ಈಗ ಅವರ ಕೈಯಲ್ಲಿ ಬಂದೂಕು. 2012ರ ನವೆಂಬರ್‌ನಲ್ಲಿ ಆ ಕಡೆಯ ಸುಗುಟಾ ಕಣಿವೆಯಲ್ಲಿ 40ಕ್ಕೂ ಹೆಚ್ಚು ಪೊಲೀಸರು ಸತ್ತರು. 2023ರ ಫೆಬ್ರವರಿಯಲ್ಲಿ ಸರ್ಕಾರ ಆರು ಕೌಂಟಿಗಳ ಕೆಲವು ಭಾಗಗಳನ್ನು ಗಲಭೆಪೀಡಿತ ಎಂದು ಘೋಷಿಸಿ ಸೇನೆ ಕಳಿಸಿತು. ಅದರಲ್ಲಿ ಸಂಬುರು ಕೌಂಟಿಯ ಭಾಗಗಳೂ ಇದ್ದವು. ಹೊರಡುವ ವಾರ ನಿಮ್ಮ ಗೆಳೆಯರ ಮನೆಯವರನ್ನೇ ಕೇಳಿ. 'ಈಗ ಬೇಡ' ಅಂದರೆ ನಿಲ್ಲಿ. ಅವರ ಮಾತಿಗಿಂತ ಯಾವ ಆ್ಯಪ್ ಕೂಡ ದೊಡ್ಡದಲ್ಲ. ತುರ್ಕಾನಾ ಸರೋವರ ಅದೇ ದಿಕ್ಕಿನಲ್ಲಿದೆ, ಈ ಸಲ ಅದನ್ನು ಬಿಡಿ.

ಅತ್ತೆ ಭಾರತ ಬಿಡುವ ಮೊದಲು ಹಳದಿ ಜ್ವರದ ಲಸಿಕೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಲೇಬೇಕು. ಹಾಕಿಸಿದ 10 ದಿನದ ಮೇಲಷ್ಟೇ ಸರ್ಟಿಫಿಕೇಟ್ ಲೆಕ್ಕಕ್ಕೆ ಬರುತ್ತದೆ. ಅದಿಲ್ಲದೆ ವಾಪಸ್ ಹೋದರೆ ವಿಮಾನ ನಿಲ್ದಾಣದಲ್ಲಿ ತಡೆದು ಕ್ವಾರಂಟೈನ್‌ಗೆ ಕಳಿಸುತ್ತಾರೆ. 60 ದಾಟಿದವರಿಗೆ ಈ ಲಸಿಕೆ ಯೋಚಿಸಿ ಕೊಡುವಂಥದ್ದು, ಹಾಗಾಗಿ ಕೊನೆ ಗಳಿಗೆಗೆ ಇಡಬೇಡಿ. 2024ರಿಂದ ವೀಸಾ ಬದಲು ಆನ್‌ಲೈನ್ ಅನುಮತಿ, ಇಟಿಎ ಅಂತಾರೆ, ಅದನ್ನೂ ಮುಂಚೆ ಮಾಡಿಸಿ. ಮಲೇರಿಯಾ ಮಾತ್ರೆ ಬೇಕೇ ಅಂತ ಕೇಳಿಕೊಳ್ಳಿ. ಸ್ವೆಟರ್ ಇರಲಿ, ಮರಲಾಲ್ ಎತ್ತರದ ಜಾಗ, ರಾತ್ರಿ ಚಳಿ ಚೆನ್ನಾಗಿಯೇ ಇರುತ್ತದೆ. ಹಟ್ಟಿಯ ಮನೆಯೊಳಗೆ ಒಲೆ ಉರಿಯುತ್ತಿರುತ್ತದೆ, ಹೊಗೆ ಜಾಸ್ತಿ. ಅತ್ತೆಗೆ ಉಬ್ಬಸ ಇದ್ದರೆ ಹೊರಗೆ ಮರದ ಕೆಳಗೆ ಕೂರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಮೇಕೆಯ ವಿಷಯ ಇವತ್ತು ರಾತ್ರಿಯೇ ಹೇಳಿಸುತ್ತೇನೆ. ಅತ್ತೆ ಶಿರಾ ಕಡೆಯವರು. ಮುಳ್ಳುಬೇಲಿಯೊಳಗೆ ಮನೆ, ನಡುವೆ ದನ ಅಂತ ಹೇಳಿದ ತಕ್ಷಣ 'ನಮ್ಮ ಗೊಲ್ಲರ ಹಟ್ಟಿ ಹಾಗೇ ಇರ್ತಿತ್ತಲ್ಲ' ಅಂದರು. ಈಗ ಅವರಿಗೇ ಆಸೆ ಜಾಸ್ತಿ! ಉಡುಗೊರೆ ಏನು ಕೊಡುವುದು? ಪೇಟೆಯಲ್ಲಿ ನೋಡುವಂಥದ್ದು ಏನಿದೆ?

ಉತ್ತರ: ಸೋಲಾರ್ ಪಂಪ್ ಕೆಲಸದವರಿಂದ

ಸಕ್ಕರೆ, ಚಹಾಪುಡಿ, ಮೆಕ್ಕೆಜೋಳದ ಹಿಟ್ಟು. ಹಟ್ಟಿಯ ಮನೆಗೆ ಇವೇ ಒಳ್ಳೆಯ ಉಡುಗೊರೆ. ಅವರ ತಾಯಿಗೆ ಒಂದು ದಪ್ಪ ಕಂಬಳಿ. ಮಕ್ಕಳಿಗೆ ದಾರಿಯಲ್ಲಿ ಚಾಕೊಲೇಟ್, ಪೆನ್ನು ಎಸೆಯುತ್ತಾ ಹೋಗಬೇಡಿ. ಏನಿದ್ದರೂ ಮನೆಯ ತಾಯಿಯ ಕೈಗೆ ಕೊಡಿ, ಹಂಚುವುದು ಅವರ ಅಧಿಕಾರ. ಸಾಮಾನು ಬಟ್ಟೆ ಚೀಲದಲ್ಲಿರಲಿ, ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ದುಡ್ಡಿಗೆ ಎಂ-ಪೇಸಾ (ಮೊಬೈಲ್‌ನಲ್ಲೇ ಹಣ ಕೊಡುವ ವ್ಯವಸ್ಥೆ) ನಡೆಯುತ್ತದೆ, ಹಟ್ಟಿ ಕಡೆಗೆ ಚಿಲ್ಲರೆ ನೋಟು ಇಟ್ಟುಕೊಳ್ಳಿ.

ನೋಡಲು ಕೆನ್ಯಾಟಾ ಹೌಸ್ ಇದೆ. ದೇಶದ ಮೊದಲ ಅಧ್ಯಕ್ಷ ಜೋಮೋ ಕೆನ್ಯಾಟಾರನ್ನು 1961ರಲ್ಲಿ ಬಿಡುಗಡೆಗೆ ಮುಂಚೆ ಬ್ರಿಟಿಷರು ಇಟ್ಟಿದ್ದ ಮನೆ. ಚಿಕ್ಕದು, ಆದರೆ ತಪ್ಪಿಸಬೇಡಿ. ನಮ್ಮ ದೇಶದಿಂದ ಹೋದ ಮಖನ್ ಸಿಂಗ್ ಎಂಬ ಕಾರ್ಮಿಕ ನಾಯಕರನ್ನೂ ಮರಲಾಲ್‌ನಲ್ಲಿ ಬಂಧನದಲ್ಲಿಟ್ಟಿದ್ದರು. 1950ರಲ್ಲೇ ಪೂರ್ವ ಆಫ್ರಿಕಾಕ್ಕೆ ಪೂರ್ಣ ಸ್ವಾತಂತ್ರ್ಯ ಬೇಕು ಅಂದವರು ಅವರು. ಒಟ್ಟು 11 ವರ್ಷ ಸೆರೆ. ಮಗಳಿಗೆ ಈ ಕಥೆ ಹೇಳಿ. ಊರ ಅಂಚಿನಲ್ಲೇ ಜೀಬ್ರಾಗಳು ಮೇಯುತ್ತಿರುತ್ತವೆ. ಮಲಾಸೋ ಎಂಬಲ್ಲಿ ನಿಂತರೆ ಸಾವಿರಾರು ಅಡಿ ಕೆಳಗೆ ರಿಫ್ಟ್ ಕಣಿವೆ ಕಾಣುತ್ತದೆ. ಮಗಳ ಕೈ ಹಿಡಿದುಕೊಂಡಿರಿ, ಅಂಚಿಗೆ ತಡೆಬೇಲಿ ಇರುತ್ತದೆ ಅಂತ ನಂಬಬೇಡಿ. ಒಂಟೆ ಓಟದ ಹಬ್ಬ 1990ರಿಂದ ನಡೆಯುತ್ತಿದೆ. ಆದರೆ ಅದು ಡಿಸೆಂಬರ್‌ನಲ್ಲಿ ಸಿಗುವುದಿಲ್ಲ.

ಇನ್ನೊಂದು ಮಾತು. ವಾಪಸ್ ಹೊರಡುವ ದಿನ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ನೆಂಟರನ್ನು ಸ್ವಲ್ಪ ದೂರ ನಡೆದು ಬಿಟ್ಟು ಬರುವುದಕ್ಕೆ ಸ್ವಾಹಿಲಿಯಲ್ಲಿ 'ಕುಸಿಂದಿಕಿಝಾ' ಅಂತಾರೆ. ಅಜ್ಜಿ, ಮಕ್ಕಳು, ಪಕ್ಕದ ಮನೆಯವರು ಎಲ್ಲರೂ ಬರುತ್ತಾರೆ. ಕಾರನ್ನು ಡ್ರೈವರ್ ಕೈಲಿ ಮುಂದೆ ಕಳಿಸಿ, ರಸ್ತೆಯ ತನಕ ನೀವೂ ಅವರ ಜೊತೆ ನಡೆಯಿರಿ. ಅತ್ತೆಗೆ ನಡೆಯಲು ಕಷ್ಟವಾದರೆ ಪರವಾಗಿಲ್ಲ, ಅಲ್ಲಿ ಯಾರಿಗೂ ಅವಸರ ಇರುವುದಿಲ್ಲ.