ಪದಚರ್ಚೆ: ‘ರೆಪ್ಯುಟೇಶನ್’ಗೆ ‘ಖ್ಯಾತಿ’ ಸಾಕೇ, ‘ಪತ್ತು’ ಸಲ್ಲುವುದೇ?

ಮಾನ್ಯರೇ,

ಅಂತರಜಾಲದ ಸಮುದಾಯಗಳು ತಮ್ಮ ಸದಸ್ಯರಿಗೆ ಅಂಕ ಕೊಡುವ ಬಗೆಯನ್ನು ವಿವರಿಸುವ ಕೈಪಿಡಿಯೊಂದನ್ನು ಶಿರಸಿಯ ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಪಾಪ್ಯುಲಾರಿಟಿ’, ‘ರೆಪ್ಯುಟೇಶನ್’ ಎಂಬ ಎರಡು ಪದಗಳು ಅದರಲ್ಲಿ ಪುಟಪುಟಕ್ಕೂ ಬರುತ್ತವೆ. ಮೊದಲನೆಯದಕ್ಕೆ ‘ಜನಪ್ರಿಯತೆ’ ಇದೆ, ಅದರ ಬಗ್ಗೆ ತಕರಾರಿಲ್ಲ. ಎರಡನೆಯದಕ್ಕೆ ‘ಖ್ಯಾತಿ’ ಎಂದು ಬರೆದಾಗಲೆಲ್ಲ ಇವೆರಡರ ನಡುವಿನ ಗೆರೆಯೇ ಅಳಿಸಿಹೋಗುತ್ತದೆ. ಖ್ಯಾತರು ಎಂದರೆ ಬಹಳ ಮಂದಿಗೆ ಗೊತ್ತಿರುವವರು ಎಂದೇ ನಮ್ಮ ಓದುಗರು ತಿಳಿಯುತ್ತಾರೆ.

ಆ ಗೆರೆ ಇಲ್ಲಿ ಅಲಂಕಾರಕ್ಕೆ ಎಳೆದದ್ದಲ್ಲ. 1997ರಲ್ಲಿ ಆರಂಭವಾದ ತಂತ್ರಜ್ಞಾನ ಸುದ್ದಿಗಳ ತಾಣ ಸ್ಲ್ಯಾಶ್‌ಡಾಟ್‌ನಲ್ಲಿ ಓದುಗರ ಟಿಪ್ಪಣಿಗಳಿಗೆ −1ರಿಂದ 5ರವರೆಗೆ ಅಂಕ ಬೀಳುತ್ತಿತ್ತು, ಬರೆದವರ ಖಾತೆಗೆ ‘ಕರ್ಮ’ ಎಂಬ ಅಂಕ ಜಮೆಯಾಗುತ್ತಿತ್ತು. ಆದರೆ ‘ತಮಾಷೆಯಾಗಿದೆ’ ಎಂಬ ಮೆಚ್ಚುಗೆಯಿಂದ ಟಿಪ್ಪಣಿ ಮೇಲೇರಿದರೂ ಬರೆದವರ ಕರ್ಮ ಹೆಚ್ಚುತ್ತಿರಲಿಲ್ಲ. ನಗಿಸಿದವರನ್ನು ಜನ ಮೆಚ್ಚಲಿ, ಆ ಕಾರಣಕ್ಕೆ ಅವರ ಮಾತಿಗೆ ಹೆಚ್ಚಿನ ತೂಕ ಬರುವುದು ಬೇಡ ಎಂಬ ತೀರ್ಮಾನ ಅದರ ಹಿಂದಿತ್ತು. ಜನರು ಅಂಕ ಏರಿಸುವುದನ್ನೇ ಆಟವಾಗಿಸಿಕೊಂಡಾಗ ಆ ತಾಣವು ಕರ್ಮವನ್ನು ಸಂಖ್ಯೆಯಲ್ಲಿ ತೋರಿಸುವುದನ್ನು ಬಿಟ್ಟು ‘ಉತ್ತಮ’, ‘ಕೆಟ್ಟದ್ದು’ ಮುಂತಾದ ಮಾತುಗಳಲ್ಲಿ ತೋರಿಸತೊಡಗಿತು. ಈ ವಿವೇಕ ನನಗೆ ತುಂಬ ಹಿಡಿಸಿತು.

2008ರಲ್ಲಿ ಬಂದ, ಪ್ರೋಗ್ರಾಮಿಂಗ್ ಕುರಿತ ಪ್ರಶ್ನೋತ್ತರ ತಾಣವಾದ ಸ್ಟಾಕ್ ಓವರ್‌ಫ್ಲೋದಲ್ಲಿ ‘ರೆಪ್ಯುಟೇಶನ್’ ಎಂಬುದೇ ಅಂಕದ ಹೆಸರು. ಉತ್ತರಕ್ಕೆ ಒಂದು ಮೆಚ್ಚುಗೆ ಬಿದ್ದರೆ 10 ಅಂಕ, ಪ್ರಶ್ನೆ ಕೇಳಿದವರು ಆ ಉತ್ತರವನ್ನು ಒಪ್ಪಿದರೆ 15 ಅಂಕ ಸಿಗುತ್ತದೆ, ಅಮೆಚ್ಚುಗೆ ಬಿದ್ದರೆ 2 ಅಂಕ ಹೋಗುತ್ತದೆ. ಅಂಕ 15 ತಲುಪಿದವರು ಇತರರ ಬರಹಕ್ಕೆ ಮೆಚ್ಚುಗೆ ಒತ್ತಬಹುದು. 50 ತಲುಪಿದವರು ಎಲ್ಲಿ ಬೇಕಾದರೂ ಟಿಪ್ಪಣಿ ಬರೆಯಬಹುದು. 2000 ದಾಟಿದವರು ಇತರರ ಬರಹವನ್ನು ಯಾರ ಪರಿಶೀಲನೆಯೂ ಇಲ್ಲದೆ ತಿದ್ದಬಹುದು. ಅಂದರೆ ಈ ಅಂಕವು ಸಮುದಾಯ ಒಬ್ಬರ ಮೇಲೆ ಇಟ್ಟ ನಂಬಿಕೆಯ ಅಳತೆ, ಮತ್ತು ಆ ನಂಬಿಕೆಯ ಮಟ್ಟಕ್ಕೆ ತಕ್ಕಂತೆ ಅಧಿಕಾರ ಸಿಗುತ್ತದೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ ಇದನ್ನು ಖರ್ಚು ಮಾಡಬಹುದು. ಬೇರೆಯವರ ಉತ್ತರಕ್ಕೆ ಅಮೆಚ್ಚುಗೆ ಒತ್ತಿದವರು ತಮ್ಮ ಒಂದು ಅಂಕ ತೆರಬೇಕು. ತೊಡಕಿನ ಪ್ರಶ್ನೆಗೆ ಉತ್ತರ ಬೇಕಿದ್ದರೆ 50ರಿಂದ 500 ಅಂಕಗಳವರೆಗೆ ಬಹುಮಾನವಾಗಿ ಪಣವಿಡಬಹುದು, ಉತ್ತರ ಬಾರದಿದ್ದರೂ ಆ ಅಂಕ ಮರಳುವುದಿಲ್ಲ.

ಈಗ ‘ಅವರು ತಮ್ಮ ಖ್ಯಾತಿಯಲ್ಲಿ 50ನ್ನು ಪಣವಿಟ್ಟರು’ ಎಂದು ಬರೆದು ನೋಡಿ, ವಾಕ್ಯ ಕಾಲೂರಿ ನಿಲ್ಲುವುದಿಲ್ಲ. ‘ಕೀರ್ತಿ’ಯೂ ಹಾಗೆಯೇ. ‘ಪ್ರತಿಷ್ಠೆ’ ಇಂದು ಹಟ, ಅಂತಸ್ತುಗಳ ಕಡೆಗೆ ವಾಲಿದೆ. ‘ವರ್ಚಸ್ಸು’ ವ್ಯಕ್ತಿಯ ಪ್ರಭೆಗೆ ಸೇರಿದ್ದು. ‘ವಿಶ್ವಾಸಾರ್ಹತೆ’ ಅರ್ಥದಲ್ಲಿ ಹತ್ತಿರವಿದೆ, ಆದರೆ ಅದು ಬರಿಯ ಗುಣ. ಕೂಡುವ, ಕಳೆಯುವ ಅಂಕವಾಗದು. ‘ಕರ್ಮ’ವಂತೂ ನಮ್ಮ ಆಡುಮಾತಿನಲ್ಲಿ ಹಣೆಬರಹದ ನಿಟ್ಟುಸಿರಾಗಿಬಿಟ್ಟಿದೆ, ಕರ್ಮ ಹೆಚ್ಚಿತು ಎಂದರೆ ವಿದ್ಯಾರ್ಥಿಗಳು ಕಷ್ಟ ಹೆಚ್ಚಿತು ಎಂದುಕೊಂಡಾರು.

ಹೀಗಾಗಿ ನನ್ನ ಮನಸ್ಸು ಸಾಲದ ಯೋಗ್ಯತೆಯನ್ನು ಹೇಳುವ ‘ಪತ್ತು’ ಪದದ ಕಡೆ ಹೋಗಿದೆ. ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ’ ಎಂಬ ಫಲಕ ಘಟ್ಟದ ಮೇಲೂ ಕೆಳಗೂ ಊರೂರಿನಲ್ಲಿದೆ. ಶಿರಸಿ, ಸಿದ್ದಾಪುರದ ಅಡಿಕೆ ಬೆಳೆಗಾರರಿಗೆ ಈ ಪದ ಕೈಬಳಕೆಯದು: ತೋಟದ ವಿಸ್ತೀರ್ಣ, ಹಿಂದಿನ ಸಾಲ ತೀರಿಸಿದ ರೀತಿ ಇವನ್ನು ನೋಡಿ ಸಂಘವು ಸದಸ್ಯರಿಗೆ ಪತ್ತು ಮಂಜೂರು ಮಾಡುತ್ತದೆ, ಕೊಯ್ಲಿಗೆ ಮೊದಲೇ ಅದರಿಂದ ಹಣ ತೆಗೆಯಬಹುದು, ಚಾಲಿ ಅಡಿಕೆಯೋ ಕೆಂಪಡಿಕೆಯೋ ಟೆಂಡರಿನಲ್ಲಿ ಮಾರಾಟವಾದ ಮೇಲೆ ಲೆಕ್ಕ ಚುಕ್ತಾ ಆಗುತ್ತದೆ. ಪತ್ತು ನಡವಳಿಕೆಯಿಂದ ಬೆಳೆಯುತ್ತದೆ, ಬಾಕಿ ಬಿದ್ದರೆ ಕುಗ್ಗುತ್ತದೆ ಎನ್ನುವುದನ್ನು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಊರಿನಲ್ಲಿ ಯಾರಿಗೂ ಹೆಚ್ಚು ಪರಿಚಯವಿಲ್ಲದವರಿಗೂ ಒಳ್ಳೆಯ ಪತ್ತು ಇರಬಹುದು. ‘ಖ್ಯಾತಿ’ಯಲ್ಲಿ ಈ ಅರ್ಥಕ್ಕೆ ಎಡೆಯೇ ಇಲ್ಲ.

ಅಡ್ಡಿಗಳೂ ಇವೆ. ಪತ್ತು ಸಾಲ ಪಡೆಯುವ ಅರ್ಹತೆಯನ್ನು ಸೂಚಿಸುತ್ತದೆ, ಸ್ಟಾಕ್ ಓವರ್‌ಫ್ಲೋದ ಅಂಕದಲ್ಲಿ ಸಾಲದ ಮಾತಿಲ್ಲ. ಹಳಗನ್ನಡದಲ್ಲಿ ‘ಪತ್ತು’ ಎಂದರೆ ಹತ್ತು, ‘ಪತ್ತೆ’ಯೊಂದಿಗೂ ಗೊಂದಲವಾಗಬಹುದು. ಇವು ದಾಟಲಾಗದ ತೊಡಕುಗಳಲ್ಲ ಎಂಬುದು ನನ್ನ ಎಣಿಕೆ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇವು. ಮರಾಠಿಯಲ್ಲಿ ‘ಪತ’ ಎಂದರೆ ಸಾಲದ ಯೋಗ್ಯತೆಯೂ ಹೌದು, ಪೇಟೆಯಲ್ಲಿರುವ ಒಳ್ಳೆಯ ಹೆಸರೂ ಹೌದು. ನಮ್ಮ ಪತ್ತು ಅಲ್ಲಿಂದಲೇ ಬಂದಿರಬಹುದೇ? ನಮ್ಮ ಉತ್ತರ ಕನ್ನಡ ಜಿಲ್ಲೆಯು 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಈ ಶಂಕೆ. ಕಾರವಾರ, ಅಂಕೋಲೆಯ ಕಡೆ ಸಾಲದ ಮಾತಿಲ್ಲದೆಯೂ ‘ಅವರಿಗೆ ಪತ್ತು ಇದೆ’ ಎಂದು ವ್ಯಕ್ತಿಯ ಬಗ್ಗೆ ಹೇಳುವುದು ರೂಢಿಯಲ್ಲಿದೆಯೇ? ಇದ್ದರೆ ಅದರ ಜೊತೆಗೆ ಬರುವ ಕ್ರಿಯಾಪದ ಯಾವುದು? ಅಂಕ ಇಳಿದವರ ಬಗ್ಗೆ ‘ಪತ್ತು ಕೆಟ್ಟಿತು’ ಎನ್ನಬೇಕೇ, ‘ಪತ್ತು ಇಳಿಯಿತು’ ಎಂದರೆ ಸಾಕೇ ಎಂಬುದನ್ನು, ನೀವು ಕೇಳಿದ ವಾಕ್ಯದ ಸಮೇತ, ದಯವಿಟ್ಟು ತಿಳಿಸಬೇಕು.