ಡ್ರೈವರ್ ಬಾಗಿಲು ಬಡಿದರಷ್ಟೇ ಕೂರುತ್ತೆ: ಸ್ಟ್ರೈಕರ್ ಇಳಿಸಿದರೆ ಸಾಕಾ?

ನಾಲ್ಕು_ಬಾಗಿಲು
ಹತ್ತು ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಡ್ರೈವರ್ ಬಾಗಿಲನ್ನು ಮೆಲ್ಲಗೆ ಹಾಕಿದರೆ ಅರ್ಧಕ್ಕೇ ನಿಲ್ಲುತ್ತೆ, ಮೀಟರಿನಲ್ಲಿ ಬಾಗಿಲಿನ ದೀಪ ಆರೋದಿಲ್ಲ. ದಡಾರನೆ ಬಡಿದರೆ ಮಾತ್ರ ಪೂರ್ತಿ ಕೂರುತ್ತೆ. ಕೂರುವಾಗ ಬಾಗಿಲು ಸ್ವಲ್ಪ ಮೇಲಕ್ಕೆ ಎದ್ದ ಹಾಗೆ ಕಾಣುತ್ತೆ. ಆ ಬಾಗಿಲಿಗೆ ಇತ್ತೀಚೆಗೆ ಹೊಸ ಬೀಡಿಂಗ್ ರಬ್ಬರ್ (ಅಂಚಿನ ಸುತ್ತಲಿನ ಪಟ್ಟಿ) ಹಾಕಿಸಿದೆ. ಉಳಿದ ಮೂರೂ ಸರಿಯಾಗಿವೆ. ಪಿಲ್ಲರಿನಲ್ಲಿರುವ (ಎರಡು ಬಾಗಿಲಿನ ನಡುವಿನ ಕಂಬ) ಸ್ಟ್ರೈಕರನ್ನು, ಅಂದರೆ ಬಾಗಿಲಿನ ಲಾಕ್ ಹಿಡಿದುಕೊಳ್ಳುವ ಕೊಂಡಿಯನ್ನು, ಕೆಳಗೆ ಇಳಿಸಿದರೆ ಸಾಕಾ? ಯಾವ ಟೂಲ್ ಬೇಕು?

ಪಾನಾ_ಪೆಟ್ಟಿಗೆ
ಸ್ಟ್ರೈಕರ್‌ಗೆ ಈಗಲೇ ಕೈ ಹಾಕಬೇಡಿ ಸರ್. ಕಾರ್ಖಾನೆಯಿಂದ ಬಂದ ಸ್ಟ್ರೈಕರ್ ತಾನಾಗಿ ಜಾಗ ಬಿಡೋದು ಅಪರೂಪ, ಸವೆಯೋದು ಹಿಂಜ್. ಬಾಗಿಲು ಮೇಲಕ್ಕೆ ಏಳುತ್ತೆ ಅಂದರೆ ಅದು ಜಗ್ಗಿದೆ, ಸ್ಟ್ರೈಕರ್ ಅದನ್ನು ಎತ್ತಿ ಕೂರಿಸುತ್ತಿದೆ.

ಖಚಿತ ಮಾಡಿಕೊಳ್ಳೋದು ಹೀಗೆ: ಬಾಗಿಲನ್ನು ಅರ್ಧ ತೆಗೆದು, ಲಾಕ್ ಇರುವ ಕಡೆಯ ಕೆಳಮೂಲೆ ಹಿಡಿದು ಮೇಲಕ್ಕೆತ್ತಿ. ಇನ್ನೊಬ್ಬರು ಹಿಂಜ್ ಮೇಲೆ ಬೆರಳಿಟ್ಟಿರಲಿ. 'ಟಕ್' ಅಂತ ಲೂಸು ಸಿಕ್ಕರೆ ಪಿನ್ನು-ಬುಷ್ (ಹಿಂಜ್ ತಿರುಗುವ ಕಡ್ಡಿ, ಅದರ ಸುತ್ತಲಿನ ಕೊಳವೆ) ಸವೆದಿದೆ ಅಥವಾ ಬೋಲ್ಟು ಸಡಿಲವಾಗಿದೆ. ಮೊದಲು ಹೋಗೋದು ಸಾಮಾನ್ಯವಾಗಿ ಮೇಲಿನ ಹಿಂಜ್. ಬಾಗಿಲಿನ ತೂಕ ಅದನ್ನು ಎಳೆಯುತ್ತೆ, ಕೆಳಗಿನದನ್ನು ಒತ್ತುತ್ತೆ. ಆಮೇಲೆ ಲಾಕಿನ ಬಾಯಿ (ಸ್ಟ್ರೈಕರ್ ಒಳಹೋಗುವ ಸಂದು) ನೋಡಿ. ಮೇಲಂಚು ಮಾತ್ರ ಉಜ್ಜಿ ಹೊಳೆಯುತ್ತಿದ್ದರೆ ಬಾಗಿಲು ಕೆಳಗಿಳಿದಿರೋದಕ್ಕೆ ಬೇರೆ ಸಾಕ್ಷಿ ಬೇಡ. ಮುಂದಿನ ಮತ್ತು ಹಿಂದಿನ ಬಾಗಿಲಿನ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯಾ, ಮೈಮೇಲಿನ ಗೆರೆ ಎರಡರಲ್ಲೂ ಕೂಡುತ್ತಾ, ಅದನ್ನೂ ಗಮನಿಸಿ.

ಗ್ರೀಸ್_ಕೈ
ಮೇಲಿನದೆಲ್ಲ ಸರಿ. ಆದರೆ ಅರ್ಧಕ್ಕೇ ನಿಲ್ಲುತ್ತೆ ಅಂದಮೇಲೆ ಲಾಕನ್ನೂ ನೋಡಲೇಬೇಕು, ಐದು ನಿಮಿಷದ ಕೆಲಸ. ಬಾಗಿಲು ತೆಗೆದಿಟ್ಟು, ಲಾಕಿನೊಳಗೆ ಸ್ಟ್ರೈಕರನ್ನು ಹಿಡಿಯುವ ಕವಲು ತುಂಡನ್ನು ಸ್ಕ್ರೂಡ್ರೈವರಿನಿಂದ ಒಳಕ್ಕೆ ತಳ್ಳಿ. ಎರಡು ಸಲ 'ಕ್ಲಿಕ್' ಕೇಳಬೇಕು. ಮೊದಲನೆಯದು ಅರ್ಧ ಲಾಕ್, ಎರಡನೆಯದು ಪೂರ್ತಿ. ಎರಡನೆಯದು ಬರದಿದ್ದರೆ, ಬಂದರೂ ನಿಲ್ಲದಿದ್ದರೆ, ಹಳೇ ಗ್ರೀಸು ಧೂಳಿನ ಜೊತೆ ಗಟ್ಟಿಯಾಗಿದೆ ಅಥವಾ ಒಳಗಿನ ಸ್ಪ್ರಿಂಗ್ ಸೋತಿದೆ. ಹೊರಗಿನ ಹ್ಯಾಂಡಲ್ ಪೂರ್ತಿ ವಾಪಸ್ ಬರುತ್ತಾ ನೋಡಿ. ಅದರ ಕೇಬಲ್ ಬಿಗಿಯಾಗಿ ಅರ್ಧ ಎಳೆದೇ ನಿಂತರೂ ಲಾಕ್ ಹಿಡಿಯೋದಿಲ್ಲ.

ಗಟ್ಟಿಯಾಗಿದ್ದರೆ ಸ್ಪ್ರೇ ಕ್ಲೀನರ್ ಹೊಡೆದು, ಇಪ್ಪತ್ತು ಮೂವತ್ತು ಸಲ ತಳ್ಳಿ ಬಿಡಿಸಿ, ಒರೆಸಿ, ಬಿಳಿ ಲಿಥಿಯಂ ಗ್ರೀಸ್ ಹಾಕಿ. ಡಬ್ಲ್ಯೂಡಿ-40 ಕೊಳೆ ಬಿಡಿಸೋಕೆ ಸರಿ, ಗ್ರೀಸಿನ ಜಾಗಕ್ಕಲ್ಲ. ಒಂದು ಎಚ್ಚರಿಕೆ: ಪರೀಕ್ಷೆ ಮುಗಿದ ಮೇಲೆ ಹ್ಯಾಂಡಲ್ ಎಳೆದು ಕವಲನ್ನು ಬಿಡಿಸಿಯೇ ಬಾಗಿಲು ಹಾಕಿ. ಮುಚ್ಚಿದ ಲಾಕನ್ನು ಸ್ಟ್ರೈಕರ್‌ಗೆ ಬಡಿದರೆ ಎರಡರಲ್ಲಿ ಒಂದು ಹಾಳಾಗುತ್ತೆ.

ನಾಲ್ಕು_ಬಾಗಿಲು
ನೋಡಿದೆ. ಕ್ಲಿಕ್ ಎರಡೂ ಸ್ಪಷ್ಟವಾಗಿ ಬರುತ್ತೆ, ಹ್ಯಾಂಡಲ್ ಸರಿಯಾಗಿದೆ. ಎತ್ತಿದರೆ ಮೇಲಿನ ಹಿಂಜಿನಲ್ಲಿ ಲೂಸು ಇದೆ, ಬೋಲ್ಟುಗಳು ಬಿಗಿಯಾಗಿಯೇ ಇವೆ. ಗಾಜು ಇಳಿಸಿದರೂ ಅಷ್ಟೇ ಬಿಗಿ. ಹಿಂಜಿನ ಮಧ್ಯೆ ಮರದ ತುಂಡು ಇಟ್ಟು ಬಾಗಿಲು ಒತ್ತಿದರೆ ನೆಟ್ಟಗಾಗುತ್ತೆ ಅಂತ ಒಬ್ಬರು ಹೇಳಿದರು.

ಪಾನಾ_ಪೆಟ್ಟಿಗೆ
ಮರದ ತುಂಡಿನ ವಿದ್ಯೆ ಬೇಡವೇ ಬೇಡ. ಬಾಗೋದು ಹಿಂಜೋ, ಅದು ಕೂತಿರುವ ತಗಡೋ, ನಿಮ್ಮ ಕೈಯಲ್ಲಿ ಇರೋದಿಲ್ಲ. ಸವೆದ ಬುಷ್ ಹಾಗೇ ಉಳಿಯುತ್ತೆ, ಮುಂದಿನ ಫೆಂಡರಿನ (ಚಕ್ರದ ಮೇಲಿನ ತಗಡು) ಕಡೆ ಸಂದು ಕೆಡುತ್ತೆ.

ನಿಮ್ಮ ಕಾರಿಗೆ ಪಿನ್ನು-ಬುಷ್ ಬಿಡಿಯಾಗಿ ಸಿಕ್ಕರೆ ಅದನ್ನೇ ಹಾಕಿ, ಇಲ್ಲದಿದ್ದರೆ ಮೇಲಿನ ಹಿಂಜ್ ಪೂರ್ತಿ ಬದಲಿಸಿ. ವೆಲ್ಡ್ ಮಾಡಿದ ಹಿಂಜ್ ಆದರೆ ಬಾಡಿ ಕೆಲಸದವರಿಗೇ ಬಿಡಿ. ಬೋಲ್ಟಿನದಾದರೆ ಹಳೇ ಹಿಂಜಿನ ಸುತ್ತ ಮಾರ್ಕರಿನಿಂದ ಗೆರೆ ಎಳೆಯಿರಿ. ಬಾಗಿಲಿನ ಕೆಳಗೆ ಜ್ಯಾಕ್, ಅದರ ಮೇಲೆ ಹಲಗೆ, ಹಲಗೆ ಮೇಲೆ ಬಟ್ಟೆ. ಜೊತೆಗೆ ಬಾಗಿಲು ಹಿಡಿಯೋಕೆ ಒಬ್ಬರು ಇರಲೇಬೇಕು. ಎರಡೂ ಹಿಂಜ್ ಬದಲಿಸೋದಾದರೆ ಒಂದು ಬಿಗಿದ ಮೇಲೆಯೇ ಇನ್ನೊಂದನ್ನು ಬಿಚ್ಚಿ, ಆಗ ಅಲೈನ್‌ಮೆಂಟ್ ಪೂರ್ತಿ ತಪ್ಪೋದಿಲ್ಲ. ವೈರಿಂಗ್ ಕನೆಕ್ಟರ್ ಬಿಚ್ಚಬೇಕಾಗಿ ಬಂದರೆ ಮೊದಲು ಬ್ಯಾಟರಿ ಕಳಚಿ, ಕೆಲವು ಬಾಗಿಲುಗಳಲ್ಲಿ ಏರ್‌ಬ್ಯಾಗಿನ ಸೆನ್ಸರ್ ಇರುತ್ತೆ.

ರಬ್ಬರ್_ಪಟ್ಟಿ
ಹೊಸ ಬೀಡಿಂಗಿನ ಬಗ್ಗೆ ಯಾರೂ ಹೇಳಿಲ್ಲ. ಗಾಜು ಇಳಿಸಿದಾಗ ಹಗುರವಾಗಿ ಕೂತಿದ್ದರೆ ಒಳಗಿನ ಗಾಳಿ ಹೊರಹೋಗುತ್ತಿಲ್ಲ, ಹಿಂದಿನ ಬಂಪರ್ ಒಳಗಿನ ವೆಂಟ್ ನೋಡಿ ಅನ್ನುತ್ತಿದ್ದೆ. ಇಲ್ಲಿ ಆ ಮಾತೇ ಇಲ್ಲ. ಆದರೆ ರಬ್ಬರ್ ಪಟ್ಟಿ ಅಂಚಿಗೆ ಪೂರ್ತಿ ಕೂರದೆ ಒಂದು ಕಡೆ ಎದ್ದಿದ್ದರೂ ಬಾಗಿಲನ್ನು ತಳ್ಳುತ್ತೆ. ಒಂದು ಕಾಗದದ ಚೂರು ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸುತ್ತಲೂ ಒಂದೇ ಬಿಗಿ ಇರಬೇಕು. ಒಂದು ಜಾಗದಲ್ಲಿ ಬರುವುದೇ ಇಲ್ಲ, ಇನ್ನೊಂದು ಕಡೆ ಜಾರಿಬರುತ್ತೆ ಅಂದರೆ ರಬ್ಬರನ್ನು ಮತ್ತೆ ಕೂರಿಸಿ, ಮೂಲೆಗಳಲ್ಲಿ ಮುಖ್ಯವಾಗಿ. ರಬ್ಬರಿಗೆ ಸಿಲಿಕೋನ್ ಸ್ಪ್ರೇ ಹಾಕಿ, ಗ್ರೀಸ್ ಬೇಡ.

ಗ್ರೀಸ್_ಕೈ
ಹಿಂಜ್ ಆದ ಮೇಲೂ ಅಷ್ಟಿಷ್ಟು ವ್ಯತ್ಯಾಸ ಉಳಿದರೆ ಸ್ಟ್ರೈಕರ್‌ಗೆ ಬನ್ನಿ. ಹೆಚ್ಚಿನ ಕಾರುಗಳಲ್ಲಿ ಟಾರ್ಕ್ಸ್ ಬಿಟ್ (ನಕ್ಷತ್ರದಂಥ ಆರು ಮೂಲೆಯ ತುದಿ) ಬೇಕು, ಟಿ40 ಅಥವಾ ಟಿ45. ಹಳೆಯವುಗಳಲ್ಲಿ 3ನೇ ನಂಬರಿನ ಫಿಲಿಪ್ಸ್. ಬಿಟ್ಟನ್ನು ಪೂರ್ತಿ ಒಳಕ್ಕೆ ಕೂರಿಸದೆ ತಿರುಗಿಸಿದರೆ ತಲೆ ಬೋಳಾಗುತ್ತೆ. ಎರಡೂ ಬೋಲ್ಟನ್ನು ಪೂರ್ತಿ ಬಿಚ್ಚಬೇಡಿ. ಕೆಲವು ಕಾರುಗಳಲ್ಲಿ ಒಳಗಿನ ನಟ್ ಪ್ಲೇಟ್ (ಬೋಲ್ಟು ಕಚ್ಚಿಕೊಳ್ಳುವ ತಗಡು) ಪಿಲ್ಲರಿನೊಳಗೆ ಬಿದ್ದುಹೋಗುತ್ತೆ. ಸುತ್ತ ಗೆರೆ ಹಾಕಿ, ತಟ್ಟಿದರೆ ಸರಿಯುವಷ್ಟು ಮಾತ್ರ ಸಡಿಲಿಸಿ. ಒಂದು ಸಲಕ್ಕೆ 1 ಮಿಲಿಮೀಟರ್, ಅದೂ ಒಂದೇ ದಿಕ್ಕಿಗೆ. ಹೊರಕ್ಕೆ ತಂದರೆ ಬಾಗಿಲು ಹಗುರವಾಗಿ ಕೂರುತ್ತೆ, ಜೊತೆಗೆ ಗಾಳಿಯ ಸದ್ದು, ನೀರು ಒಳಗೆ ಬರೋದು ಶುರುವಾಗಬಹುದು. ಎಷ್ಟು ಬಿಗಿಯಬೇಕು ಅನ್ನೋದಕ್ಕೆ ಕಾರಿನ ಸರ್ವಿಸ್ ಮ್ಯಾನ್ಯುಯಲ್ ನೋಡಿ, ಎಂ8 (8 ಮಿಲಿಮೀಟರ್ ದಪ್ಪದ) ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್.

ಹಾಕಿದ ಮೇಲೆ ಪಕ್ಕದಿಂದ ಕಣ್ಣಿಟ್ಟು ನೋಡಿ. ಡ್ರೈವರ್ ಬಾಗಿಲಿನ ಹಿಂದಿನ ಅಂಚು ಹಿಂಬದಿಯ ಬಾಗಿಲಿಗೆ ಸಮ ಇರಬೇಕು ಅಥವಾ ಕೂದಲೆಳೆಯಷ್ಟು ಹೊರಗೆ. ಒಳಗೆ ಹೋಗಿದ್ದರೆ ವೇಗದಲ್ಲಿ ಗಾಳಿ ಹಿಂಬಾಗಿಲಿನ ಅಂಚಿಗೆ ಬಡಿದು ಶಿಳ್ಳೆ ಹೊಡೆಯುತ್ತೆ. ಇದೆಲ್ಲ ಮುಗಿಯುವವರೆಗೆ ಬಾಗಿಲು ಅರ್ಧ ಲಾಕಿನಲ್ಲಿರುವಾಗ ಕಾರು ಓಡಿಸಲೇಬೇಡಿ.